ಒರಟನಿಗೆ ಕೊಟ್ಟ ಹೆಸರುಗಳು

ಫೆಬ್ರುವರಿ ೧೦

ನನ್ನ ಚಿನಕುರಳಿಗೆ,

ಜೀಪಿನ ಡ್ರೈವರ್ ನಿನ್ನ ಪತ್ರ ತಂದುಕೊಟ್ಟ. ಪತ್ರ ಎನ್ನಲು ನಾಲಿಗೆ ಬರುವುದಿಲ್ಲ, ಚೀಟಿ. ‘ಅಕ್ಕಾ, ಕ್ಯಾಂಪ್ ಮುಟ್ಟಿದೆ. ಬೆಟ್ಟದ ಹಿಂದೆ ಇರೋದ್ರಿಂದ ಸಿಗ್ನಲ್ ಇಲ್ಲ. ಗುರುವಾರ ಜೀಪ್ ಬರತ್ತೆ, ಬರಿ.’ ಅಷ್ಟೆ. ಬಾಯಿ ತೆರೆದರೆ ಪಟಪಟನೆ ಸಿಡಿಯುವವಳ ಕೈಗೆ ಪೆನ್ನು ಕೊಟ್ಟರೆ ಮದ್ದು ನೆನೆದು ಹೋಗುತ್ತದೆಯೇ?

ನನ್ನದು ತಿರುವುಮುರುವು. ನಾಲ್ಕು ಜನರ ಮುಂದೆ ನಾಲ್ಕು ಮಾತು ಆಡಲಾರೆ, ಆದರೆ ಡೈರಿ ಬರೆಯದೆ ಮಲಗಿದವಳಲ್ಲ. ಹೋದ ವರ್ಷ ನಿನ್ನ ಭಾವ ಹೋದಮೇಲೆ ಅದೂ ಬತ್ತಿತು. ‘ಎದ್ದೆ, ಕೆಲಸಕ್ಕೆ ಹೋದೆ, ಬಂದೆ’ ಎಂದು ಒಂದು ಸಾಲು. ನಿನಗೆ ಬರೆಯುವ ನೆಪದಲ್ಲಾದರೂ ಕೈ ಸ್ವಲ್ಪ ಸಡಿಲವಾಗಲಿ.

ಆಸ್ಪತ್ರೆಯಲ್ಲಿ ಎಲ್ಲ ಮೊದಲಿನಂತೆಯೇ ಇದೆ. ಹಾಸಿಗೆಯ ಬಟ್ಟೆ ಒಗೆದು ಬರುತ್ತದೆ, ನಾವು ಇಸ್ತ್ರಿ ಹಾಕಿ, ಮಡಚಿ, ವಾರ್ಡುಗಳಿಗೆ ಕಳಿಸುತ್ತೇವೆ. ನನ್ನ ಜೊತೆಗಾತಿ ಇಸ್ತ್ರಿಯವಳು ನಿನ್ನನ್ನು ವಿಚಾರಿಸಿದಳು.

‘ನಿನ್ ತಂಗಿಗೆ ಅಲ್ಲಿ ಏನೇ ಕೆಲಸ?’

‘ಡ್ರೋನ್ ಹಾರಿಸೋದು.’

‘ಮದುವೆ ವಿಡಿಯೋಗೆ ಹಾರಿಸ್ತಾರಲ್ಲ, ಅದಾ?’

‘ಅದೇ. ಆದ್ರೆ ಇವಳು ಕರೆಂಟ್ ಲೈನ್ ನೋಡೋಕೆ ಹಾರಿಸ್ತಾಳೆ. ಮನುಷ್ಯ ಟವರ್ ಹತ್ತಿ ನೋಡೋ ಬದಲು ಅದು ಹೋಗಿ ಫೋಟೋ ತಕ್ಕೊಂಡು ಬರತ್ತೆ.’

ಅವಳು ನನ್ನ ಪಾಲಿನ ದಿಂಬಿನ ಚೀಲಗಳನ್ನೂ ತನ್ನ ಕಡೆ ಎಳೆದುಕೊಂಡು ಇಸ್ತ್ರಿ ಹಾಕಿದಳು. ಲೈನ್‌ಮನ್‌ನ ಹೆಂಡತಿಯಾಗಿದ್ದವಳ ಮುಂದೆ ಟವರಿನ ಮಾತು ಬಂದರೆ ಜನ ಹೀಗೆ ಇದ್ದಕ್ಕಿದ್ದಂತೆ ಒಳ್ಳೆಯವರಾಗಿಬಿಡುತ್ತಾರೆ.

ನಿನಗೆ ಎರಡು ಪ್ರಶ್ನೆ. ಇಷ್ಟೊಂದು ಲೈನ್ ಕ್ಯಾಂಪುಗಳಿರುವಾಗ ಆ ಬೆಟ್ಟದ ಸಾಲನ್ನೇ ಯಾಕೆ ಕೇಳಿ ಹಾಕಿಸಿಕೊಂಡೆ? ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ. ಇನ್ನೊಂದು, ನನ್ನ ಮೈದುನನದು. ಅಣ್ಣ ಬಿದ್ದ ಸಾಲಿನಲ್ಲೇ ಅವನು ಈಗಲೂ ಟವರ್ ಹತ್ತುತ್ತಿದ್ದಾನೆಯೇ? ನಾನು ಕೇಳಿದರೆ ‘ಇಲ್ಲ ಅತ್ತಿಗೆ, ಸ್ಟೋರಲ್ಲಿ ಕೂತು ನಟ್ಟು ಎಣಿಸ್ತಾ ಇರ್ತೀನಿ’ ಅನ್ನುತ್ತಾನೆ. ಅವನ ಅಂಗೈ ನೋಡಿದರೆ ನಟ್ಟು ಎಣಿಸುವವರ ಅಂಗೈ ಅಲ್ಲ. ಇದಕ್ಕೆ ಉತ್ತರ ಬೇಕೇ ಬೇಕು.

ಕಿವಿ ಮುಚ್ಚುವ ಟೋಪಿ ಹಾಕಿಕೋ.

ಅಕ್ಕ

&nbsp;

ಫೆಬ್ರುವರಿ ೨೪

ಅಕ್ಕಾ,

ಮದ್ದು ನೆನೆದಿಲ್ಲ, ಚಳಿಗೆ ಬೆರಳು ಮರಗಟ್ಟಿತ್ತು. ಇವತ್ತು ಬಿಸಿಲು ಚೆನ್ನಾಗಿದೆ. ತಗಡಿನ ಶೆಡ್ಡಿನ ಹೊರಗೆ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಗೆ ಮೊದಲು. ಹತ್ತುತ್ತಾನೆ. ಸುಳ್ಳು ಹೇಳಬೇಡ ಎಂದು ಕಲಿಸಿದವಳು ನೀನೇ. ಇಲ್ಲಿ ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನನ್ನು ಅವನು ಬೇಕೆಂದೇ ‘ಮೇಡಮ್ಮೋರೇ’ ಅನ್ನುತ್ತಾನೆ.

ಜೂನ್‌ನಲ್ಲಿ ಗಾಳಿಗಾಲ ಶುರುವಾಗುವ ಮೊದಲು ಸಾಲಿನ ಪ್ರತಿಯೊಂದು ಟವರನ್ನೂ ನೋಡಿ ಮುಗಿಸಬೇಕು. ಇಷ್ಟು ವರ್ಷ ಲೈನ್ ಹುಡುಗರು ಹತ್ತಿ ನೋಡುತ್ತಿದ್ದರು. ಹೋದ ವರ್ಷದ ಆ ಗಸ್ತು ಹೇಗೆ ಮುಗಿಯಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಈ ಸಲ ದೊಡ್ಡ ಸಾಹೇಬರು ನನ್ನನ್ನು ಕರೆದು ಹೇಳಿದರು: ‘ಮೂರು ಸಾಫ್ಟ್‌ವೇರ್ ಕೊಟ್ಟಿದೀನಿ. ಒಂದನ್ನ ಆರಿಸು. ಮೇ ಮುಗಿಯೋದ್ರೊಳಗೆ ನನ್ನ ಕಣ್ಣೆದುರು ಹಾರಿಸಿ ತೋರಿಸು. ಸರಿಹೋದ್ರೆ ಈ ಸಲ ಯಾರೂ ಸಾಲು ಹತ್ತೋದು ಬೇಡ. ಸರಿಹೋಗ್ಲಿಲ್ಲ, ಹುಡುಗ್ರ ಕಾಲೇ ಗತಿ.’

ಸಾಫ್ಟ್‌ವೇರ್ ಯಾಕೆ ಅಂತ ನಿನ್ನ ಇಸ್ತ್ರಿಯವಳು ಕೇಳಿದರೆ ಹೀಗೆ ಹೇಳು. ಡ್ರೋನು ಹಾರುತ್ತದೆ ಅಷ್ಟೆ, ಅದಕ್ಕೆ ಬುದ್ಧಿ ಇಲ್ಲ. ಯಾವ ಟವರಿಗೆ ಹೋಗಬೇಕು, ಎಷ್ಟು ಎತ್ತರದಲ್ಲಿ, ಎಲ್ಲಿ ತಿರುಗಿ ಎತ್ತ ನೋಡಿ ಫೋಟೋ ತೆಗೆಯಬೇಕು, ದಾರಿಯಲ್ಲಿ ನಮ್ಮ ಸಂಪರ್ಕ ಕಡಿದರೆ ಏನು ಮಾಡಬೇಕು, ಇವನ್ನೆಲ್ಲ ಹಾರುವ ಮೊದಲೇ ಕಂಪ್ಯೂಟರಿನಲ್ಲಿ ಗೆರೆ ಎಳೆದು ಹೇಳಿಕೊಡಬೇಕು. ಹಾಗೆ ಗೆರೆ ಎಳೆಯುವ ಸಾಫ್ಟ್‌ವೇರ್ ಇದು.

ಮೂರಕ್ಕೂ ಹೆಸರಿಟ್ಟಿದ್ದೇನೆ. ಮೊದಲನೆಯದು ಶೋಕಿಲಾಲ. ಅದರ ಪರದೆಯಲ್ಲಿ ಬೆಟ್ಟ ನಿಜವಾದ ಬೆಟ್ಟಕ್ಕಿಂತ ಚೆಂದ. ಟವರುಗಳನ್ನು ತೋರಿಸಿದರೆ ದಾರಿಯನ್ನು ತಾನೇ ಎಳೆದುಕೊಳ್ಳುತ್ತದೆ. ಆದರೆ ಇಂಟರ್ನೆಟ್ ಇಲ್ಲದಿದ್ದರೆ ಮುಖ ಊದಿಸುತ್ತದೆ. ಹೊಸ ದಾರಿ ಬೇಕೆಂದರೆ ಕಂಪ್ಯೂಟರ್ ಹೊತ್ತುಕೊಂಡು ಪೇಟೆಗೆ ಇಳಿಯಬೇಕು. ಎರಡನೆಯದು ಅಳುಮುಂಜಿ. ಡ್ರೋನಿನ ಜೊತೆಗೇ ಬಂದದ್ದು. ಮುಟ್ಟಿದ್ದಕ್ಕೆಲ್ಲ ಕೆಂಪು ದೀಪ, ಕೀ ಕೀ ಸದ್ದು. ಟವರಿನ ಹತ್ತಿರ ಹೋಗು ಎಂದರೆ ‘ಮುಂದೆ ಅಡ್ಡಿ ಇದೆ’ ಎಂದು ನಿಂತುಬಿಡುತ್ತದೆ. ಆ ಅಡ್ಡಿಯನ್ನು ನೋಡುವುದಕ್ಕೇ ಅಲ್ಲವೇ ನಾವು ಬಂದದ್ದು! ಮೂರನೆಯದು ಒರಟ. ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದು ಲೋಕಕ್ಕೆ ಪುಕ್ಕಟೆ ಬಿಟ್ಟದ್ದು. ಪರದೆಯ ತುಂಬ ಗುಂಡಿಗಳು, ಹಳೆಯ ರೇಡಿಯೋ ಬಿಚ್ಚಿ ಹರಡಿದಂತೆ. ತಾನಾಗಿ ಏನೂ ಮಾಡುವುದಿಲ್ಲ. ಹೇಳಿದಷ್ಟು ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತದೆ.

ಸದ್ಯಕ್ಕೆ ನನ್ನ ಕಣ್ಣು ಶೋಕಿಲಾಲನ ಮೇಲಿದೆ. ಅದನ್ನು ಮಾರುವ ಕಂಪನಿಯವನು ಈ ಧೂಳಿನಲ್ಲೂ ಟೈ ಕಟ್ಟಿಕೊಂಡು ಬಂದು ಹೋದ. ಹುಡುಗರು ಅವನನ್ನು ಟೈಯಪ್ಪ ಅನ್ನುತ್ತಾರೆ.

ಟೋಪಿ ಹಾಕಿಕೊಂಡಿದ್ದೇನೆ, ನಂಬು.

ನಿನ್ನ ಚಿನಕುರಳಿ

&nbsp;

ಮಾರ್ಚ್ ೮

ಚಿನಕುರಳಿಗೆ,

ಸುಳ್ಳು ಹೇಳದಿದ್ದಕ್ಕೆ ಸಂತೋಷ. ನಿಜ ಕೇಳಿ ಸಂತೋಷವಾಯಿತು ಅಂತಲ್ಲ.

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಇಸ್ತ್ರಿಯವಳಿಗೆ ಓದಿ ಹೇಳಿದೆ. ಅಳುಮುಂಜಿಯ ಹತ್ತಿರ ಬಂದಾಗ ಅವಳು ನಕ್ಕು ತುತ್ತು ನೆತ್ತಿಗೇರಿಸಿಕೊಂಡಳು. ‘ಥೇಟ್ ನಮ್ ಹೆಡ್‌ನರ್ಸು ಕಣೇ!’ ಅಂದಳು. ಬಟ್ಟೆ ಕೋಣೆಯಲ್ಲಿ ಆ ಮೂರೂ ಹೆಸರು ಈಗ ಚಲಾವಣೆಯಲ್ಲಿವೆ. ಹೊಸ ಡಾಕ್ಟರೊಬ್ಬರು ಶೋಕಿಲಾಲರಾಗಿದ್ದಾರೆ. ನಮ್ಮ ಹಳೆಯ ಇಸ್ತ್ರಿ ಯಂತ್ರ ಒರಟನಾಗಿದೆ. ಅದಕ್ಕೆ ಆ ಹೆಸರು ಸರಿಯಾಗಿ ಒಪ್ಪುತ್ತದೆ, ಕೈಯಿಟ್ಟರೆ ಸುಡುತ್ತದೆ, ಆದರೆ ಒಂದು ದಿನವೂ ಕೈಕೊಟ್ಟಿಲ್ಲ.

ಯಾವುದನ್ನು ಆರಿಸು ಎಂದು ನಾನು ಹೇಳುವುದಿಲ್ಲ. ನನಗೆ ಅದು ತಿಳಿಯದು. ಅಮ್ಮ ಹೋದಮೇಲೆ ನಿನಗೆ ಜಡೆ ಹಾಕಿದ್ದು ನಾನು ನಿಜ, ಆದರೆ ಜಡೆಯ ಕೆಳಗಿದ್ದ ತಲೆ ನಿನ್ನದೇ.

ಬಟ್ಟೆ ಕೋಣೆಯ ಕಿಟಕಿಯಿಂದ ನಿಮ್ಮ ಸಾಲು ದೂರದಲ್ಲಿ ನೀಲಿಯಾಗಿ ಕಾಣುತ್ತದೆ. ನಾನು ಮೇಜು ತಿರುಗಿಸಿ ಹಾಕಿಕೊಂಡಿದ್ದೇನೆ. ಬೆಳಕು ಬೆನ್ನ ಕಡೆಯಿಂದ ಬಂದರೆ ಕಲೆಗಳು ಚೆನ್ನಾಗಿ ಕಾಣುತ್ತವೆ ಎಂದು ಮೇಲ್ವಿಚಾರಕಿಗೆ ಹೇಳಿದ್ದೇನೆ.

ಮೈದುನನಿಗೆ ಹೇಳು, ಅತ್ತಿಗೆಗೆ ಎಲ್ಲ ಗೊತ್ತಾಗಿದೆ, ಇನ್ನು ನಟ್ಟಿನ ಕಥೆ ಬೇಡ ಅಂತ.

ಅಕ್ಕ

&nbsp;

ಏಪ್ರಿಲ್ ೫

ಅಕ್ಕಾ,

ಆರು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಆಮೇಲೆ ಬರೆಯಲಾಗದಂಥದ್ದು ನಡೆಯಿತು. ಉದ್ದಣ್ಣ ರಜೆಯ ಮೇಲೆ ಅಲ್ಲಿಗೆ ಬರುತ್ತಿದ್ದಾನೆ. ಅವನು ಹೇಳುವ ಮೊದಲು ನಾನೇ ಹೇಳುತ್ತೇನೆ. ಡ್ರೋನ್ ಕಳೆದೆ.

ಶೋಕಿಲಾಲನಲ್ಲಿ ಗೆರೆ ಎಳೆದಿದ್ದೆ. ಬೆಳಿಗ್ಗೆ ತಿಂಡಿ ತಿನ್ನುವಾಗ ‘ಇವತ್ತು ಒಂಬತ್ತನೇ ಟವರ್’ ಎಂದೆ. ಡ್ರೋನು ಬೆಟ್ಟದ ನೆತ್ತಿ ದಾಟಿದರೆ ಕ್ಯಾಂಪಿನಿಂದ ಕಾಣುವುದಿಲ್ಲ, ಆದ್ದರಿಂದ ಕಣ್ಣಿಟ್ಟು ನೋಡಲು ಒಬ್ಬರು ಮೇಲೆ ನಿಲ್ಲಬೇಕು. ಉದ್ದಣ್ಣ ಹೊರಟ. ಪರದೆಯಲ್ಲಿ ‘೯’ ಎಂದು ಹೊಳೆಯುತ್ತಿದ್ದುದನ್ನು ಅವನೂ ನೋಡಿದ್ದ, ತಲೆಯಾಡಿಸಿದ್ದ.

ಆಫೀಸಿನ ನಕ್ಷೆಯಲ್ಲಿ ಟವರುಗಳ ಎಣಿಕೆ ಪವರ್‌ಹೌಸಿನ ಕಡೆಯಿಂದ. ಹುಡುಗರ ಎಣಿಕೆ ಹೊಳೆಯ ಕಡೆಯಿಂದ, ಏಕೆಂದರೆ ರಸ್ತೆ ಮುಗಿಯುವುದು ಅಲ್ಲಿ, ಗಸ್ತು ಶುರುವಾಗುವುದು ಅಲ್ಲಿ. ಹಾಗಾಗಿ ಅವರ ಒಂಬತ್ತು ಬೇರೆ, ನನ್ನ ಒಂಬತ್ತು ಬೇರೆ. ಇದು ಇಲ್ಲಿ ಹಲ್ಲಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಗೊತ್ತು ಎಂದೇ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಉದ್ದಣ್ಣ ಒಂದು ತುದಿಯಲ್ಲಿ ನಿಂತು ಆಕಾಶ ನೋಡಿದ. ಡ್ರೋನು ಇನ್ನೊಂದು ತುದಿಗೆ ಹೋಯಿತು. ನೆತ್ತಿಯ ಆಚೆ ಇಳಿದದ್ದೇ ಸಂಪರ್ಕ ಕಡಿಯಿತು. ಸಂಪರ್ಕ ಕಡಿದರೆ ನೆಟ್ಟಗೆ ಹೊರಟಲ್ಲಿಗೇ ವಾಪಸು ಬಾ ಎಂದು ಶೋಕಿಲಾಲ ಡ್ರೋನಿಗೆ ಮೊದಲೇ ಹೇಳಿಕೊಟ್ಟಿರುತ್ತದೆ. ಎಷ್ಟು ಎತ್ತರದಲ್ಲಿ? ಹಾರಿದ ಜಾಗದಿಂದ ಲೆಕ್ಕ ಹಾಕಿದ ಎತ್ತರದಲ್ಲಿ. ಹಾರಿದ ಜಾಗ ತಗ್ಗಿನಲ್ಲಿದೆ, ಮಧ್ಯೆ ಬೆಟ್ಟ ಎದ್ದು ನಿಂತಿದೆ. ನೆಟ್ಟಗೆ ಹೋಗಿ ಬೆಟ್ಟದ ಎದೆಗೆ ಬಡಿಯಿತು. ಅಷ್ಟು ಚೆಂದದ ಬೆಟ್ಟವನ್ನು ತಾನೇ ಪರದೆಯಲ್ಲಿ ತೋರಿಸಿತ್ತಲ್ಲ ಅಕ್ಕಾ, ವಾಪಸು ಬರುವಾಗ ಅದಕ್ಕೇ ನೆನಪಿರಲಿಲ್ಲ.

ಉದ್ದಣ್ಣ ಮಧ್ಯಾಹ್ನದವರೆಗೂ ಆ ಗಾಳಿಯಲ್ಲಿ ನಿಂತಿದ್ದ. ಇಳಿದು ಬಂದಾಗ ತುಟಿ ಒಡೆದಿತ್ತು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ದೊಡ್ಡ ಸಾಹೇಬರಿಗೆ ನಾನೇ ಹೋಗಿ ಹೇಳಿದೆ. ನಂಬರು ವಿಚಾರಿಸದೆ ಇದ್ದದ್ದು ನಾನು, ವಾಪಸು ಬರುವ ಎತ್ತರ ನೋಡದೆ ಇದ್ದದ್ದು ನಾನು ಎಂದೆ. ಅವರು ಕನ್ನಡಕ ಒರೆಸಿದರು. ‘ಇನ್ನೊಂದು ಡ್ರೋನ್ ಇದೆ. ಅದೂ ಹೋದ್ರೆ ಇನ್ನಿಲ್ಲ. ಮೇ ಕೊನೆಗೆ ಬರ್ತೀನಿ. ಹುಡುಗ್ರ ಹಗ್ಗ, ಬೆಲ್ಟು ಎಲ್ಲ ರೆಡಿ ಇಡೋಕೆ ಹೇಳಿದೀನಿ’ ಎಂದರು. ಬೈಯಲಿಲ್ಲ. ಹಗ್ಗದ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಚಿನಕುರಳಿ

&nbsp;

ಏಪ್ರಿಲ್ ೧೨

ನನ್ನ ಪುಟ್ಟಿಗೆ,

ಮೈದುನ ಬಂದು ಹೋದ. ನಿನ್ನ ಪತ್ರವೂ ಅವನೂ ಒಂದೇ ಜೀಪಿನಲ್ಲಿ ಬಂದರು. ನಾನು ಪತ್ರ ಓದಿ ಮುಗಿಸುವವರೆಗೂ ಹೊಸಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ.

‘ಅತ್ತಿಗೆ, ನಿಮ್ಮ ತಂಗಿ ನನ್ನನ್ನ ಬೆದರುಬೊಂಬೆ ಮಾಡಿದ್ಲು. ಹಕ್ಕಿಗಳೆಲ್ಲ ಬಂದು ನೋಡ್ಕೊಂಡು ಹೋದ್ವು, ಅವಳ ಹಕ್ಕಿ ಮಾತ್ರ ಬರ್ಲಿಲ್ಲ.’

‘ಸಿಟ್ಟು ಬರ್ಲಿಲ್ವೇನೋ?’

‘ಬಂತು. ಬೈಯೋಣ ಅಂತಲೇ ಇಳಿದೆ. ನೋಡಿದ್ರೆ ಅವಳು ಆಗ್ಲೇ ದೊಡ್ಡ ಸಾಹೇಬ್ರ ಶೆಡ್ಡಿಂದ ಆಚೆ ಬರ್ತಿದ್ಲು. ತಪ್ಪು ಯಾರದು ಅಂತ ಅವ್ರು ಹುಡುಕೋಕೆ ಮುಂಚೆ ತಾನೇ ಹೋಗಿ ಒಪ್ಪಿಸಿ ಬಂದಿದ್ಲು. ಅಲ್ಲಿ ನಕ್ಷೆ ಬರೆದವ್ರನ್ನ ದೂರಬಹುದಿತ್ತು, ಟೈಯಪ್ಪನ್ನ ದೂರಬಹುದಿತ್ತು. ನನ್ನನ್ನೂ ದೂರಬಹುದಿತ್ತು, ಒಂಬತ್ತು ಅಂದಾಗ ಯಾವ ಕಡೆಯಿಂದ ಅಂತ ನಾನು ಕೇಳ್ಲಿಲ್ವಲ್ಲ. ಆಮೇಲೆ ಏನಂತ ಬೈಲಿ?’

ಇದನ್ನು ಹೇಳಿ ಅವನು ಊಟಕ್ಕೆ ಕೂತ. ನಾನು ಬಡಿಸಿದೆ. ಎರಡು ಸಲ ಜಾಸ್ತಿ ಬಡಿಸಿದೆನಂತೆ, ‘ಹೊಟ್ಟೆ ಒಂದೇ ಇರೋದು ಅತ್ತಿಗೆ’ ಅಂದ. ನನ್ನ ಗಮನ ತಟ್ಟೆಯ ಮೇಲಿರಲಿಲ್ಲ.

ನಿನ್ನನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. ಡ್ರೋನ್ ಹೋದದ್ದು ಹೋಯಿತು, ಅದು ಬಿದ್ದರೆ ಮನೆಯಲ್ಲಿ ಯಾರೂ ಕಾಯುವವರಿಲ್ಲ. ಮುಂದೇನು ಮಾಡುತ್ತೀಯೋ ಅದನ್ನು ಬರೆ.

ತುಟಿಗೆ ಹಚ್ಚುವ ಮುಲಾಮು ಎರಡು ಡಬ್ಬಿ ಕಳಿಸಿದ್ದೇನೆ. ಒಂದು ಅವನಿಗೆ.

ಅಕ್ಕ

&nbsp;

ಏಪ್ರಿಲ್ ೨೬

ಅಕ್ಕಾ,

ಮುಂದೇನು ಎಂದು ಕೇಳಿದೆಯಲ್ಲ, ಒರಟ.

ಎರಡು ವಾರ ಅದರ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದೆ. ಅದಕ್ಕೆ ಇಂಟರ್ನೆಟ್ ಬೇಡ, ನಕ್ಷೆಯನ್ನು ಒಮ್ಮೆ ತುಂಬಿಕೊಟ್ಟರೆ ಆಯಿತು. ಎತ್ತರವನ್ನು ಹಾರಿದ ಜಾಗದಿಂದ ಲೆಕ್ಕ ಹಾಕು ಎಂದರೆ ಹಾಗೆ, ಕೆಳಗಿರುವ ನೆಲದಿಂದ ಲೆಕ್ಕ ಹಾಕು ಎಂದರೆ ಹಾಗೆ. ನೆಲದಿಂದ ಎಂದೆ. ಈಗ ಬೆಟ್ಟ ಏರಿದರೆ ಡ್ರೋನೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಂಪರ್ಕ ಕಡಿದರೆ ಏನು ಮಾಡಬೇಕೆಂದು ಒಂದೊಂದು ಹಾರಾಟಕ್ಕೂ ಬೇರೆಯಾಗಿ ಹೇಳಬಹುದು. ನೆತ್ತಿಯ ಆಚೆಗೆ ಹೋಗುವ ಹಾರಾಟಕ್ಕೆ ‘ಹೆದರಿ ಓಡಿ ಬರಬೇಡ, ಹೇಳಿದ ದಾರಿಯಲ್ಲೇ ಹೋಗಿ ಕೆಲಸ ಮುಗಿಸಿ ಬಾ’ ಎಂದು ಹೇಳಿದ್ದೇನೆ. ಇನ್ನು ನೆತ್ತಿಯ ಮೇಲೆ ಯಾರೂ ಕಾದು ನಿಲ್ಲಬೇಕಾಗಿಲ್ಲ.

ಇನ್ನು ನಂಬರಿನ ವಿಚಾರ. ನಕ್ಷೆಯ ಎಣಿಕೆ ಹುಡುಗರಿಗೆ ಕಲಿಸಬೇಕೋ, ಹುಡುಗರ ಎಣಿಕೆ ನಕ್ಷೆಗೆ ಹಾಕಬೇಕೋ ಎಂದು ತಲೆ ಕೆಡಿಸಿಕೊಂಡು ಊಟಕ್ಕೆ ಕೂತಿದ್ದೆ. ಉದ್ದಣ್ಣ ಯಾರಿಗೋ ಹೇಳುತ್ತಿದ್ದ, ‘ಕುಂಟಜ್ಜನ ಕಾಲ ಹತ್ರ ಮಣ್ಣು ಕುಸಿದಿದೆ, ನಾಳೆ ನೋಡ್ಬೇಕು.’

‘ಅಯ್ಯೋ, ಯಾರು ಅಜ್ಜ? ಜೀಪಲ್ಲಿ ಆಸ್ಪತ್ರೆಗೆ ಕಳ್ಸೋದಲ್ವಾ?’ ಎಂದೆ.

ಶೆಡ್ಡು ಹಾರಿಹೋಗುವಂತೆ ನಕ್ಕರು. ಅಡುಗೆಯವನು ಸೌಟು ಕೆಳಗೆ ಹಾಕಿದ. ಕುಂಟಜ್ಜ ಅಂದರೆ ಟವರು! ಇಳಿಜಾರಿನಲ್ಲಿ ನಿಂತಿರುವುದರಿಂದ ಅದರ ಒಂದು ಕಾಲು ಗಿಡ್ಡ. ಕೇಳಿದರೆ ಪ್ರತಿಯೊಂದಕ್ಕೂ ಹೆಸರಿದೆ. ಬಂಡೆ ಮುಂದೆ ಚಾಚಿರುವುದು ಹಲ್ಲುಬ್ಬ. ಎಲ್ಲಕ್ಕಿಂತ ಎತ್ತರದ್ದು ಜಂಬಗಾರ. ಗೂಡುಗಳಿಂದ ತುಂಬಿರುವುದು ಕಾಗೆ ಬಂಗಲೆ. ನಂಬರನ್ನು ಅವರು ಆಫೀಸಿನವರ ಹತ್ತಿರ ಮಾತ್ರ ಆಡುವುದು. ತಮ್ಮತಮ್ಮಲ್ಲಿ ಹೆಸರೇ.

ಹಾಗಾದರೆ ಹೆಸರನ್ನೇ ಹಾಕೋಣ ಎಂದುಕೊಂಡೆ. ಶೋಕಿಲಾಲನಲ್ಲಿ ನಮ್ಮ ಅಕ್ಷರ ಬರೆದರೆ ಬರೀ ಚೌಕಗಳು ಬರುತ್ತಿದ್ದವು. ಒರಟ ಒಂದು ಮಾತೂ ಆಡದೆ ಬರೆದುಕೊಂಡಿತು. ಹುಡುಗರು ನನ್ನ ಬೆನ್ನ ಹಿಂದೆ ಗುಂಪುಕಟ್ಟಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲ ಸಲ ಅವರು ಪರದೆಯನ್ನು ಓದಿದರು ಅಕ್ಕಾ. ‘ಹಲ್ಲುಬ್ಬನ ಈ ಕಡೆಯಿಂದ ಹೋಗ್ಬೇಡ, ಮರ ಇದೆ’, ‘ಕುಂಟಜ್ಜನ್ನ ಇನ್ನೊಂಚೂರು ಎಡಕ್ಕೆ ತಳ್ಳು.’ ಒಂದೇ ಗಂಟೆಯಲ್ಲಿ ನನ್ನ ದಾರಿ ನಾಲ್ಕು ಕಡೆ ಬದಲಾಯಿತು.

‘ಕಾಗೆ ಬಂಗಲೆ ಆದ್ಮೇಲೆ?’ ಎಂದೆ. ಅಡುಗೆಯವನು ಒಲೆ ಕೆದಕಿದ. ‘ಅದಕ್ಕೆ ನಂಬರ್ರೇ ಇರ್ಲಿ ಮೇಡಮ್ಮೋರೇ’ ಎಂದ ಉದ್ದಣ್ಣ. ಆಗ ನನಗೆ ಯಾವ ಟವರೆಂದು ಹೊಳೆಯಿತು. ‘ಭಾವನ ಹೆಸರು ಹಾಕ್ಲಾ?’ ಎಂದು ಕೇಳಿದೆ. ಅವನು ಎದ್ದು ಹೊರಗೆ ಹೋದ.

ಅದೊಂದು ಖಾಲಿ ಇದೆ. ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ ಚಿನಕುರಳಿ

&nbsp;

ಮೇ ೩

ಪುಟ್ಟಿ,

ಅವರಿಗೆ ನಿನ್ನ ಮುಂದೆ ಹೇಳಲು ಬಾಯಿ ಬಂದಿರುವುದಿಲ್ಲ. ಆ ಟವರಿಗೂ ಹೆಸರಿದೆ. ಅದರ ಹೆಸರು ಅತ್ತಿಗೆ.

ನಮ್ಮ ಮದುವೆಯಾದ ಹೊಸತು. ಗಸ್ತು ಮುಗಿಸಿ ನಿನ್ನ ಭಾವ ತಡವಾಗಿ ಬರುತ್ತಿದ್ದರು. ನನಗೆ ಜಗಳ ಆಡಲು ಬರುವುದಿಲ್ಲ, ಒಲೆಯ ಮುಂದೆ ನಿಂತು ನನ್ನಷ್ಟಕ್ಕೆ ಗೊಣಗುತ್ತಿದ್ದೆ. ಬೆಟ್ಟದ ಸಾಲು ತಗ್ಗಿ ಗಾಳಿ ನುಗ್ಗುವ ಜಾಗದಲ್ಲಿ ಆ ಟವರಿದೆಯಲ್ಲ, ಅದರ ತಂತಿಗಳು ಯಾವಾಗಲೂ ಗುಂಯ್‌ಗುಡುತ್ತವಂತೆ. ಇವರು ಹುಡುಗರ ಮುಂದೆ ಹೇಳಿದರಂತೆ, ‘ಇದು ಥೇಟ್ ನಮ್ಮನೆಯವಳ ಥರ ಕಣ್ರೋ. ಬೈಯಲ್ಲ, ಗುಂಯ್ ಅಂತಾನೇ ಇರತ್ತೆ.’ ಹುಡುಗರೆಲ್ಲ ಇವರಿಗಿಂತ ಚಿಕ್ಕವರು. ಅಂದಿನಿಂದ ಅದು ಅತ್ತಿಗೆ.

ಮನೆಗೆ ಬಂದು ಅದನ್ನು ನನಗೇ ಹೇಳಿದರು. ಧೈರ್ಯ ನೋಡು! ಎರಡು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ನಗು ಬಂತು. ಆಮೇಲಿಂದ ಬೆಳಿಗ್ಗೆ ಬೂಟು ಕಟ್ಟುವಾಗ ಅವರದೊಂದು ಮಾತು, ‘ಇವತ್ತು ಇಬ್ಬರನ್ನೂ ನೋಡ್ಕೋಬೇಕು.’

ಅವರು ಬಿದ್ದದ್ದು ಗಾಳಿಗೆ. ಟವರು ಏನು ಮಾಡೀತು? ಅವರ ಹೆಸರು ಅಲ್ಲಿ ಬೇಡ. ಅವರು ಬಿದ್ದ ಜಾಗವೊಂದೇ ಅವರಲ್ಲ. ಅವರು ಇಟ್ಟ ಹೆಸರೇ ಇರಲಿ. ಅತ್ತಿಗೆ ಅಂತ ಬರೆ, ದೊಡ್ಡ ಅಕ್ಷರದಲ್ಲಿ ಬರೆ. ಮೈದುನನಿಗೆ ಹೇಳು, ನಾನೇ ಹೇಳಿದ್ದು, ಇನ್ನು ಮೇಲೆ ಎದ್ದು ಹೊರಗೆ ಹೋಗಬೇಕಾಗಿಲ್ಲ ಅಂತ.

ಇದನ್ನು ಬರೆದು ನಾನೇ ಮೊದಲಿನಿಂದ ಮತ್ತೊಮ್ಮೆ ಓದಿದೆ. ಅತ್ತುಬಿಟ್ಟೆ ಎಂದುಕೊಳ್ಳಬೇಡ. ನಕ್ಕೆ ಎಂದೂ ಅಲ್ಲ.

ಅಕ್ಕ

&nbsp;

ಮೇ ೧೦

ಅಕ್ಕಾ,

ಬರೆದೆ. ಉದ್ದಣ್ಣನಿಗೆ ನಿನ್ನ ಮಾತು ಹೇಳಿದೆ. ಅವನು ಪರದೆಯ ಹತ್ತಿರ ಬಗ್ಗಿ ಓದಿ, ‘ತ್ತಿ ಅಕ್ಷರ ಸ್ವಲ್ಪ ಇಕ್ಕಟ್ಟಾಯ್ತು, ಇರ್ಲಿ’ ಎಂದ. ಆಮೇಲೆ ಬಹಳ ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದ.

ಇಪ್ಪತ್ತೆಂಟಕ್ಕೆ ದೊಡ್ಡ ಸಾಹೇಬರು ಬರುತ್ತಾರೆ. ಟೈಯಪ್ಪನೂ ಬರುತ್ತಾನಂತೆ. ಹುಡುಗರ ಹಗ್ಗ, ಬೆಲ್ಟು ಎಲ್ಲ ಶೆಡ್ಡಿನ ಮುಂದೆ ಸಾಲಾಗಿ ತೂಗುಹಾಕಿದ್ದಾರೆ. ನಾನು ದಿನಾ ಅವುಗಳ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗುತ್ತೇನೆ.

ನೀನು ಬರುತ್ತೀಯಾ? ಉದ್ದಣ್ಣ ಬಂದು ಕರೆತರುತ್ತಾನೆ.

ಚಿನಕುರಳಿ

&nbsp;

ಮೇ ೧೬

ಪುಟ್ಟಿ,

ರಜೆ ಸಿಗುವುದಿಲ್ಲ. ಬಟ್ಟೆ ಬಹಳ ಇದೆ. ನೀನು ಚೆನ್ನಾಗಿ ಮಾಡು.

ಅಕ್ಕ

&nbsp;

ಜೂನ್ ೧

ನನ್ನ ಚಿನಕುರಳಿಗೆ,

ಮೊನ್ನೆ ಜೀಪಿನಿಂದ ಇಳಿದ ನನ್ನನ್ನು ಕಂಡು ನೀನು ಕೇಳಿದೆ, ‘ಬಟ್ಟೆ ಬಹಳ ಇತ್ತಲ್ಲ?’ ಅದಕ್ಕೆ ಉತ್ತರ ಈಗ ಕೊಡುತ್ತೇನೆ. ಇಸ್ತ್ರಿಯವಳು ನನ್ನ ಪಾಲಿನದನ್ನೂ ತಾನೇ ನೋಡಿಕೊಳ್ಳುತ್ತೇನೆಂದು ಬಾಗಿಲಾಚೆ ತಳ್ಳಿದಳು. ‘ಹೋಗೇ, ನಾನಾಗಿದ್ರೆ ನಡ್ಕೊಂಡಾದ್ರೂ ಹೋಗ್ತಿದ್ದೆ’ ಅಂದಳು.

ಆ ದಿನ ನಿನ್ನ ಹತ್ತಿರ ನಾನು ಹೆಚ್ಚು ಮಾತಾಡಲಿಲ್ಲ. ಅಷ್ಟು ಜನರ ಮಧ್ಯೆ ನನಗೆ ಆಗುವುದಿಲ್ಲ. ನೀನು ಇಡೀ ಹೊತ್ತು ಪರದೆ ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಆದ್ದರಿಂದ ನೀನು ಕಾಣದೆ ಇದ್ದದ್ದನ್ನು ಬರೆಯುತ್ತೇನೆ.

ಡ್ರೋನು ಮೇಲೆದ್ದು ನೆತ್ತಿಯ ಕಡೆ ಹೋಯಿತು. ಮೈದುನ ಪರದೆಯ ಪಕ್ಕ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದ. ‘ಹಲ್ಲುಬ್ಬ ಆಯ್ತು. ಜಂಬಗಾರ ಆಯ್ತು.’ ಸಂತೆಯಲ್ಲಿ ನಿಂತು ನೆಂಟರನ್ನು ಗುರುತಿಸುವವನಂತೆ ಕೂಗುತ್ತಿದ್ದ. ಕಾಗೆ ಬಂಗಲೆ ಆದಮೇಲೆ ಪರದೆ ಬೂದಿ ಬಣ್ಣಕ್ಕೆ ತಿರುಗಿತು.

ದೊಡ್ಡ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. ‘ವಾಪಸ್ ಕರಿ!’

‘ಕರೆಯೋಕಾಗಲ್ಲ ಸರ್. ಈಗ ನಮ್ಮ ಮಾತು ಅದಕ್ಕೆ ಕೇಳಿಸಲ್ಲ.’

‘ಹಾಗಿದ್ರೆ?’

‘ಏನು ಮಾಡ್ಬೇಕು ಅಂತ ಹೊರಡೋಕೆ ಮುಂಚೆನೇ ಹೇಳಿ ಕಳಿಸಿದೀನಿ ಸರ್. ಬರತ್ತೆ.’

ಟೈಯಪ್ಪ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಹುಡುಗರು ತೂಗುಹಾಕಿದ ಹಗ್ಗಗಳ ಕಡೆ ನೋಡಿದರು. ದೊಡ್ಡ ಸಾಹೇಬರು ಗಡಿಯಾರ ನೋಡಿದರು. ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ. ಮುಂದಿನಿಂದ ನೋಡಿದವರಿಗೆ ಕಲ್ಲಿನಂತೆ ಕಂಡಿರಬೇಕು. ನಾನು ನಿನ್ನ ಹಿಂದೆ ನಿಂತಿದ್ದೆ. ಒಂದು ಕೈಯ ಹೆಬ್ಬೆರಳನ್ನು ಇನ್ನೊಂದು ಕೈ ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಉಗುರು ಬೆಳ್ಳಗಾಗಿತ್ತು. ಹೋಗಿ ಹಿಡಿದುಕೊಳ್ಳೋಣ ಅನ್ನಿಸಿತು. ಹೋಗಲಿಲ್ಲ. ಆ ಕೈಗಳು ನಿನ್ನ ಕೆಲಸದಲ್ಲಿದ್ದವು.

ಆ ಹೊತ್ತಿನಲ್ಲಿ ನಾನು ತಲೆಯೆತ್ತಿ ಬೆಟ್ಟದ ಸಾಲನ್ನು ನೋಡಿದೆ. ಒಂದು ವರ್ಷದ ಮೇಲೆ. ಬಿಸಿಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ್ದೇ ಎಷ್ಟು ಚೆನ್ನಾಗಿತ್ತು.

ಪರದೆಗೆ ಬಣ್ಣ ಬಂತು. ಮೈದುನ ಗಂಟಲು ಹರಿಯುವಂತೆ ಕೂಗಿದ, ‘ಅತ್ತಿಗೆ ದಾಟ್ತು!’ ಎಲ್ಲರೂ ತಿರುಗಿ ನನ್ನನ್ನು ನೋಡಿದರು, ನೋಡಿದ್ದಕ್ಕೆ ಗಾಬರಿಯಾಗಿ ನೆಲ ನೋಡಿದರು. ಆಗ ನಾನು ನಕ್ಕೆ. ನಾನು ನಕ್ಕಮೇಲೆ ಅಡುಗೆಯವನು ನಕ್ಕ, ಆಮೇಲೆ ಎಲ್ಲರೂ ನಕ್ಕರು. ದೊಡ್ಡ ಸಾಹೇಬರಿಗೆ ಯಾಕೆಂದು ಗೊತ್ತಾಗಲಿಲ್ಲ. ನೀನು ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ, ಇನ್ನೂ ಅದು ಕೆಳಗಿಳಿದಿರಲಿಲ್ಲವಲ್ಲ.

ಫೋಟೋಗಳು ದೊಡ್ಡದಾಗಿ ಕಂಡಾಗ ಕಾಗೆ ಬಂಗಲೆಯಲ್ಲಿ ತಂತಿಯನ್ನು ಹಿಡಿದಿಡುವ ಪಿನ್ನೊಂದು ಅರ್ಧ ಹೊರಗೆ ಬಂದಿತ್ತು. ದೊಡ್ಡ ಸಾಹೇಬರು ಕನ್ನಡಕ ತೆಗೆದು, ಹಾಕಿ, ಮತ್ತೆ ನೋಡಿದರು. ‘ಇದೊಂದನ್ನ ಲೈನ್ ಆಫ್ ಮಾಡಿ ಹತ್ತಿ ಸರಿಮಾಡಿ. ಮಿಕ್ಕಿದ್ದು ಯಾರೂ ಹತ್ತೋದು ಬೇಡ’ ಎಂದರು. ಟೈಯಪ್ಪ ಹತ್ತಿರ ಬಂದು, ‘ಸರ್, ನಮ್ಮದರಲ್ಲೂ ಮುಂದಿನ ಅಪ್‌ಡೇಟ್‌ನಲ್ಲಿ ಇದೆಲ್ಲ ಬರತ್ತೆ’ ಎಂದ. ‘ಗಾಳಿ ನಿಮ್ಮ ಅಪ್‌ಡೇಟ್‌ಗೆ ಕಾಯತ್ತೇನ್ರೀ?’ ಎಂದರು ದೊಡ್ಡ ಸಾಹೇಬರು. ನೀನು ಆಗ ಬ್ಯಾಟರಿ ಬದಲಿಸುತ್ತಿದ್ದೆ, ಕೇಳಿರಲಾರೆ. ನಿನ್ನ ಕಡೆ ಕೈ ತೋರಿಸಿ ಮೈದುನನಿಗೆ ಅವರು ಮೆಲ್ಲಗೆ ಹೇಳಿದರು, ‘ಈ ಹುಡುಗಿ ಆರಿಸಿದ್ದೇ ಎಲ್ಲ ಕ್ಯಾಂಪ್‌ಗೂ ಹೋಗ್ಲಿ.’ ಮೈದುನ, ‘ಹುಡುಗಿ ಅಲ್ಲ ಸರ್, ಮೇಡಮ್ಮೋರು’ ಎಂದ. ಈ ಸಲ ತಮಾಷೆಗೆ ಅನ್ನಲಿಲ್ಲ.

ನಾನು ಇಸ್ತ್ರಿಯವಳಿಗೆ ಎಲ್ಲ ಹೇಳಿದೆ. ಮೇಲ್ವಿಚಾರಕಿಗೆ ಹೇಳಿದೆ. ಔಷಧಿ ಕೊಡುವ ಕಿಟಕಿಯಲ್ಲಿ ಗುರುತಿಲ್ಲದ ಒಬ್ಬ ಮುದುಕರಿಗೂ ಹೇಳಿದೆ, ಪಾಪ, ಅವರು ಬಂದದ್ದು ಕೆಮ್ಮಿನ ಔಷಧಿಗೆ. ನನ್ನ ಬಾಯಿಗೆ ಏನಾಗಿದೆಯೋ ಗೊತ್ತಿಲ್ಲ.

ಒಂದು ಸಂಗತಿ ಮಾತ್ರ ಯಾರಿಗೂ ಹೇಳಿಲ್ಲ. ಸಾಲಿನ ಇನ್ನರ್ಧಕ್ಕೆ ಎರಡನೆಯ ಸಲ ಹಾರಿಸುವ ಮೊದಲು ನೀನು ಕೈಯೆತ್ತಿ, ‘ಎಲ್ಲರೂ ಹಿಂದೆ ಸರೀರಿ’ ಎಂದೆ. ದನಿ ಏರಿಸಲಿಲ್ಲ. ನಿನಗಿಂತ ದೊಡ್ಡ ಗಂಡಸರು, ಬೆಟ್ಟಗಳನ್ನು ಹತ್ತಿ ಇಳಿದವರು, ಮಾತಿಲ್ಲದೆ ಹಿಂದೆ ಸರಿದರು. ನಾನೂ ಸರಿದೆ. ಸರಿದ ಮೇಲೆ ನೋಡಿಕೊಂಡರೆ, ದೊಡ್ಡ ಸಾಹೇಬರಿಗಿಂತ ಮೊದಲೇ ಸರಿದಿದ್ದೆ.

ಅಕ್ಕ